ಹಲಗಿಯ ದನಿ, ರೇಡಿಯೋದ ದನಿ

ಊರಿಗೆ ರೇಡಿಯೋ ಬರುವ ಮೊದಲು ಊರಿಗೆಲ್ಲ ಸುದ್ದಿ ಸಾರಿದವರು ನಾವು. ಕಂದಾಯ ಕಟ್ಟಬೇಕು, ಮಳಿ ಬರಲಿ ಅಂತ ವಾರ ಹಿಡಿಯಬೇಕು, ಜಾತ್ರೆಗೆ ಪಟ್ಟಿ ಕೊಡಬೇಕು, ನಾಳೆ ಸಾಹೇಬರು ಬರ್ತಾರ, ಏನೇ ಇರಲಿ, ಕೇರಿಯ ಒಬ್ಬ ಮನುಷ್ಯ ಹಲಗಿ ಬಡಿಯುತ್ತ ಓಣಿ ಓಣಿ ತಿರುಗಿ ಕೂಗಿ ಹೇಳಬೇಕು. ಹೇಳಿ ಮುಗಿಸಿದ ಮೇಲೆ ಯಾರದೋ ಹೊಸ್ತಿಲ ಕೆಳಗೆ ನಿಂತು ಟವೆಲ್ಲಿಗೆ ಒಂದು ಬೊಗಸೆ ಜೋಳ ಹಾಕಿಸಿಕೊಂಡು ಬರಬೇಕು. ಗಂಟಲು ನಮ್ಮದು, ಮಾತು ಊರ ಗೌಡನದು. ಇಷ್ಟು ತಲೆಮಾರು ಹಲಗಿ ಬಡಿದರಲ್ಲ, ಒಂದು ದಿನವಾದರೂ ಅದೇ ಗಂಟಲಿನಿಂದ 'ನಮ್ಮ ಕೇರಿಗೆ ಕುಡಿಯೋ ನೀರಿಲ್ಲ ಕೇಳ್ರೆಪ್ಪೋ' ಅಂತ ಸಾರಿದ್ದುಂಟೇ? ಸಾರಿದ್ದರೆ ಆ ಗಂಟಲು ಉಳಿಯುತ್ತಿತ್ತೇ?

ದನಿ ಒಬ್ಬರದು, ಮಾತು ಇನ್ನೊಬ್ಬರದು. ಇದರಲ್ಲಿ ಅನ್ಯಾಯ ಎಲ್ಲಿದೆ ಅನ್ನೋದನ್ನ ಹುಡುಕುವುದಕ್ಕೆ ನಾವು ರೇಡಿಯೋದ ಕತೆಯನ್ನು ಕೈಗೆತ್ತಿಕೊಂಡಿದ್ದೇವೆ. ನಮ್ಮ ವಯಸ್ಸಿನವರು ರೇಡಿಯೋ ಕೇಳಿ ಬೆಳೆದವರಲ್ಲ. ರೇಡಿಯೋ ಕೇಳಿದವರ ಮಾತು ಕೇಳಿ ಬೆಳೆದವರು. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಮುತ್ಯಾಗಳು, ಆಯಿಗಳು ಇವತ್ತಿಗೂ ರೇಡಿಯೋ ಅಂದರೆ ಕಣ್ಣು ಅರಳಿಸುತ್ತಾರೆ. ಆ ಅರಳಿದ ಕಣ್ಣನ್ನು ಗೌರವಿಸಿಯೇ ಈ ಪ್ರಶ್ನೆ ಕೇಳುತ್ತಿದ್ದೇವೆ.

ಧಾರವಾಡದ ಆಕಾಶವಾಣಿ ಶುರುವಾದದ್ದು 1950ರ ಜನವರಿ 8ರಂದು. ಸಂವಿಧಾನ ಜಾರಿಗೆ ಬರುವುದಕ್ಕೆ ಇನ್ನೂ ಹದಿನೆಂಟು ದಿನ ಇತ್ತು. ಅಂದರೆ ಅಸ್ಪೃಶ್ಯತೆಯನ್ನು ತೆಗೆದುಹಾಕಿದ 17ನೇ ವಿಧಿಗಿಂತ ಮೊದಲೇ ಧಾರವಾಡದ ದನಿ ನಮ್ಮ ಕಡೆಗೆ ಬಂತು. ಬೆಳಗಾವಿ ಜಿಲ್ಲೆ ಆಗ ಮುಂಬಯಿ ರಾಜ್ಯದಲ್ಲಿತ್ತು; 1956ರ ನವೆಂಬರಿನಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಮೂಡಲಗಿ ಆಗ ಗೋಕಾಕ ತಾಲೂಕಿನ ಒಂದು ಊರು. ಗೋಕಾಕ ಫಾಲ್ಸಿನ ನೀರಿನ ಬಲದಿಂದ ನೂಲಿನ ಗಿರಣಿ 19ನೇ ಶತಮಾನದ ಕೊನೆಗೇ ಓಡುತ್ತಿತ್ತು, ಆದರೆ ಸುತ್ತಲಿನ ಹಳ್ಳಿಗಳು ಬಹಳ ವರ್ಷ ಕತ್ತಲಲ್ಲೇ ಇದ್ದವು. ಹುಕ್ಕೇರಿಯ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಹುಟ್ಟಿದ್ದೇ 1969ರಲ್ಲಿ. ಹಾಗಾಗಿ ಮೊದಮೊದಲ ರೇಡಿಯೋ ಅಂದರೆ ಬ್ಯಾಟರಿ ಮೇಲೆ ನಡೆಯುವ ದೊಡ್ಡ ಪೆಟ್ಟಿಗೆ. ಅದಕ್ಕೆ ವರ್ಷಕ್ಕೊಮ್ಮೆ ಪೋಸ್ಟಿನಲ್ಲಿ ಲೈಸೆನ್ಸಿನ ಹಣ ಬೇರೆ ಕಟ್ಟಬೇಕು. ಕೂಲಿಯ ಮನೆಗೆ ಅದು ಬರುವ ಮಾತೇ ಇರಲಿಲ್ಲ. ಒಂದೋ ಗೌಡರ ಮನೆ, ಇಲ್ಲಾ ಚಾವಡಿ.

ಹುಕ್ಕೇರಿ ಕಡೆಯ ಒಬ್ಬ ಹಿರಿಯರು ಚಾವಡಿಯ ರೇಡಿಯೋ ಬಗ್ಗೆ ಹೇಳಿದ ಮಾತು ನಮ್ಮ ತಲೆಯಲ್ಲಿ ಕೂತಿದೆ: “ಕಟ್ಟಿ ಮ್ಯಾಲ ಅವರು, ಕೆಳಗ ಚಪ್ಪಲಿ ಬಿಡೋ ಕಡೆ ನಾವು. ಆದ್ರ ಹಾಡು ಇಬ್ಬರಿಗೂ ಒಂದ ಟೈಮಿಗೆ ಬರ್ತಿತ್ತು ನೋಡಪಾ ತಮ್ಮಾ.”

ಒಂದೇ ಟೈಮಿಗೆ! ಈ ಮಾತಿನ ತೂಕ ನಮ್ಮವರಿಗೇ ಗೊತ್ತು. ಜಾತಿ ಅನ್ನೋದು ಬರೀ ಮೇಲೆ-ಕೆಳಗೆ ಅಲ್ಲ, ಮೊದಲು-ಆಮೇಲೆ ಕೂಡ. ನೀರು ಅವರು ಸೇದಿದ ಮೇಲೆ ನಮಗೆ. ಊಟ ಅವರದಾದ ಮೇಲೆ. ದೇವರು ಅವರಿಗೆಲ್ಲ ದರ್ಶನ ಕೊಟ್ಟು ದಣಿದ ಮೇಲೆ, ಅದೂ ಹೊರಗಿನಿಂದ. ಅಕ್ಷರವಂತೂ ಸಾವಿರಾರು ವರ್ಷ ಆಮೇಲೆ. ಎಲ್ಲವೂ ಆಮೇಲೆ ಬರುತ್ತಿದ್ದ ಜನಕ್ಕೆ ಒಂದು ಹಾಡು, ಒಂದು ಹವಾಮಾನದ ಸುದ್ದಿ ಗೌಡನ ಕಿವಿಗೆ ಬಿದ್ದ ಗಳಿಗೆಯಲ್ಲೇ ಬಂದು ಬಿತ್ತು. ಗಾಳಿಗೆ ಮಡಿ ಮಾಡುವುದು ಯಾವ ಪುರೋಹಿತನಿಗೂ ಆಗಲಿಲ್ಲ. ಆ ಸಂಜೆ ಚಾವಡಿಯ ಕೆಳಗೆ ಕೂತವರ ಕಿವಿಗೆ ಸಿಕ್ಕ ಸಮಾನತೆ ಸಣ್ಣದಲ್ಲ. ಅದನ್ನು ಸಣ್ಣದು ಅನ್ನುವವರು ಎಂದೂ ಕೆಳಗೆ ಕೂತವರಲ್ಲ.

ಆದರೆ ರೇಡಿಯೋದ ಗುಂಡಿ ತಿರುವುವ ಕೈ ಕಟ್ಟೆಯ ಮೇಲಿತ್ತು. 1954ರ ಅಕ್ಟೋಬರ್ 3ರಂದು ಬಾಬಾಸಾಹೇಬ ಅಂಬೇಡ್ಕರ್ ಆಕಾಶವಾಣಿಯಲ್ಲಿ ತಮ್ಮ ಜೀವನದರ್ಶನದ ಬಗ್ಗೆ ಮಾತಾಡಿದರು. ಸ್ವಾತಂತ್ರ್ಯ, ಸಮಾನತೆ, ಬಂಧುತ್ವ ಈ ಮೂರನ್ನೂ ತಾವು ಫ್ರಾನ್ಸಿನ ಕ್ರಾಂತಿಯಿಂದ ಎರವಲು ತಂದಿಲ್ಲ, ಬುದ್ಧನಿಂದ ಪಡೆದಿದ್ದೇವೆ ಅಂತ ಹೇಳಿದ್ದು ಆ ದಿನವೇ. 1925ರಲ್ಲಿ ನಿಪ್ಪಾಣಿಗೆ ಬಂದು ಪರಿಷತ್ತು ನಡೆಸಿ ಹೋದ ಮನುಷ್ಯ ಆತ. ನಮ್ಮ ಭಾಗಕ್ಕೆ ಹೊಸಬನಲ್ಲ. ನಮ್ಮ ಕಡೆಯ ಯಾವ ಚಾವಡಿಯಲ್ಲಿ ಯಾವ ಕೈ ಆ ಹೊತ್ತಿನಲ್ಲಿ ಆ ದನಿಗೆ ಗುಂಡಿ ತಿರುವಿರಬಹುದು? ಓದುಗರೇ ಊಹಿಸಲಿ.

ಧಾರವಾಡ ಕೇಂದ್ರ ಒಳ್ಳೆಯ ಕೆಲಸ ಮಾಡಲಿಲ್ಲ ಅಂತ ನಾವು ಹೇಳುವುದಿಲ್ಲ. 1956ರಿಂದ ಹತ್ತು ವರ್ಷ ಬೇಂದ್ರೆ ಅಲ್ಲಿ ಸಾಹಿತ್ಯದ ಸಲಹೆಗಾರರಾಗಿದ್ದರು. ಮಲ್ಲಿಕಾರ್ಜುನ ಮನಸೂರರ ಸಂಗೀತ ಇತ್ತು. ಎನ್ಕೆ ಅವರಂಥವರ ಕೈಯಲ್ಲಿ ರೇಡಿಯೋ ನಾಟಕ ಬೆಳೆಯಿತು. ಮೈಸೂರಿನ ಪುಸ್ತಕದ ಕನ್ನಡವೇ ಕನ್ನಡ ಅನ್ನುತ್ತಿದ್ದ ಕಾಲದಲ್ಲಿ 'ಯಾಕ್ರಿ, ಹೌದಲ್ರಿ' ಅನ್ನುವ ಮಾತು ಗಾಳಿಯಲ್ಲಿ ಕೇಳಿದ್ದು ನಮ್ಮ ಕಡೆಯವರಿಗೆ ದೊಡ್ಡ ಮರ್ಯಾದೆ. ಆದರೆ ಅದು ಧಾರವಾಡದ ಯಾವ ಓಣಿಯ ಮಾತು? ಮಾಳಮಡ್ಡಿಯದೋ, ಕೇರಿಯದೋ? ನಾಟಕದಲ್ಲಿ ಯಜಮಾನ ಗಂಭೀರವಾಗಿ ಮಾತಾಡುತ್ತಾನೆ, ಆಳು ಮಾತಾಡಿದರೆ ನಗು ಬರಬೇಕು. ನಾಟಕದಲ್ಲಿ ಆಳಿಗೆ ಕೊಟ್ಟ ಕನ್ನಡ ನಮ್ಮ ಅವ್ವ-ಅಪ್ಪನ ಕನ್ನಡ. ನಾವು ಅಳುವುದೂ ಆ ಕನ್ನಡದಲ್ಲೇ, ಸತ್ತವರನ್ನು ಹಾಡಿ ಕಳಿಸುವುದೂ ಆ ಕನ್ನಡದಲ್ಲೇ. ಅದು ನಗೆಯ ಕನ್ನಡ ಆದದ್ದು ಹೇಗೆ?

ಇದು ನಮ್ಮೊಬ್ಬರ ಪಾಡಲ್ಲ. 1946ರಲ್ಲಿ ಅಂಬೇಡ್ಕರ್ ಅಮೆರಿಕದ ಕಪ್ಪು ಚಿಂತಕ ಡು ಬೋಯಿಸ್ ಅವರಿಗೆ ಪತ್ರ ಬರೆದು, ಅಸ್ಪೃಶ್ಯರಿಗೂ ಅಲ್ಲಿನ ಕಪ್ಪು ಜನಕ್ಕೂ ಇರುವ ಹೋಲಿಕೆಯಿಂದಾಗಿ ಅವರ ಬದುಕಿನ ಅಧ್ಯಯನ ನಮಗೆ ಅಗತ್ಯ ಅಂತ ತಿಳಿಸಿದ್ದರು. ಆ ಕಾಲದ ಅಮೆರಿಕದ ರೇಡಿಯೋವನ್ನೇ ನೋಡೋಣ. ಅಲ್ಲಿ ರೇಡಿಯೋ ಸರ್ಕಾರದ್ದಲ್ಲ, ಕಂಪನಿಗಳದು. ಎನ್‌ಬಿಸಿ, ಸಿಬಿಎಸ್ ಅನ್ನುವ ದೊಡ್ಡ ಜಾಲಗಳು ಒಂದು ಸ್ಟುಡಿಯೋದಲ್ಲಿ ಆಡಿದ ಆಟವನ್ನು ಟೆಲಿಫೋನ್ ತಂತಿಯ ಮೂಲಕ ದೇಶದ ತುಂಬ ಇದ್ದ ಕೇಂದ್ರಗಳಿಗೆ ಹರಿಸುತ್ತಿದ್ದವು. ಖರ್ಚು ಸೋಪು, ಸಿಗರೇಟು, ಹಲ್ಲುಜ್ಜುವ ಪೇಸ್ಟಿನ ಕಂಪನಿಗಳದು.

ಆ ಜಾಲದ ಬಹು ದೊಡ್ಡ ಆಟದ ಹೆಸರು 'ಏಮಸ್ ಅಂಡ್ ಆಂಡಿ'. ಹಳ್ಳಿಗಾಡಿನ ದಕ್ಷಿಣದಿಂದ ಶಹರಕ್ಕೆ ದುಡಿಯಲು ಬಂದ ಇಬ್ಬರು ಕಪ್ಪು ಗೆಳೆಯರ ಕತೆ. 1928ರಲ್ಲಿ ಶುರುವಾಯಿತು, ಮುಂದಿನ ವರ್ಷ ಪೆಪ್ಸೊಡೆಂಟ್ ಟೂತ್‌ಪೇಸ್ಟಿನವರು ಹಣ ಹಾಕಿ ಅದನ್ನು ದೇಶಕ್ಕೆಲ್ಲ ಒಯ್ದರು. ಅದು ಬರುವ ಹೊತ್ತಿಗೆ ಸಿನಿಮಾ ಥೇಟರಿನವರು ಚಿತ್ರ ನಿಲ್ಲಿಸಿ ರೇಡಿಯೋ ಹಚ್ಚುತ್ತಿದ್ದರಂತೆ. ಏಮಸ್ ಆಗಿ, ಆಂಡಿ ಆಗಿ ಮಾತಾಡಿದವರು ಫ್ರೀಮನ್ ಗಾಸ್ಡೆನ್, ಚಾರ್ಲ್ಸ್ ಕರೆಲ್. ಇಬ್ಬರೂ ಬಿಳಿಯರು. ಕಪ್ಪು ಜನರ ಮಾತಿನ ಧಾಟಿಯನ್ನು ತಿರುಚಿ, ತಪ್ಪು ತಪ್ಪು ಇಂಗ್ಲಿಷ್ ಆಡಿ ಮೂವತ್ತು ವರ್ಷ ದೇಶವನ್ನು ನಗಿಸಿದರು. ಯುದ್ಧ ಮುಗಿದು ಕಪ್ಪು ಸೈನಿಕರು ಮನೆಗೆ ಬಂದರು, ಆಟ ನಿಲ್ಲಲಿಲ್ಲ. ಒಂದಲ್ಲ ಒಂದು ರೂಪದಲ್ಲಿ ಅದು 1960ರ ತನಕ ರೇಡಿಯೋದಲ್ಲಿ ಉಳಿಯಿತು.

ಟೂತ್‌ಪೇಸ್ಟಿನ ಮಾತು ಬಂದದ್ದಕ್ಕೆ ಒಂದು ಮಾತು. ಬಿ.ವಿ. ಕೇಸ್ಕರ್ ಮಂತ್ರಿಯಾಗಿದ್ದಾಗ, 1952ರಲ್ಲಿ, ಆಕಾಶವಾಣಿಯಿಂದ ಸಿನಿಮಾ ಹಾಡುಗಳು ಹೊರಬಿದ್ದವು. ಶಾಸ್ತ್ರೀಯ ಸಂಗೀತವೇ ಜನರನ್ನು ತಿದ್ದಬೇಕು ಅಂತ ಅವರ ಹಟ. ಅದೇ ಡಿಸೆಂಬರಿನಲ್ಲಿ ರೇಡಿಯೋ ಸಿಲೋನಿನಿಂದ ಅಮೀನ್ ಸಯಾನಿಯ 'ಬಿನಾಕಾ ಗೀತಮಾಲಾ' ಶುರುವಾಗಿ ಇಡೀ ದೇಶ ಕೊಲಂಬೋ ಕಡೆ ಕಿವಿ ತಿರುಗಿಸಿತು. ಸೋತ ಸರ್ಕಾರ 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ತೆರೆಯಬೇಕಾಯಿತು. ಅಲ್ಲೂ ಟೂತ್‌ಪೇಸ್ಟು, ಇಲ್ಲೂ ಟೂತ್‌ಪೇಸ್ಟು! ಇದ್ದಲಿಯಿಂದ, ಬೇವಿನ ಕಡ್ಡಿಯಿಂದ ಹಲ್ಲುಜ್ಜುವ ನಮ್ಮ ಕೇರಿಗಳಿಗೂ ಬಿನಾಕಾ ಹೆಸರು ಬಾಯಿಪಾಠ ಇತ್ತು. ಬುಧವಾರ ರಾತ್ರಿ ಎಂಟು ಗಂಟೆಗೆ ಗೌಡರ ಗೋಡೆಗೆ ಕಿವಿಯಿಟ್ಟು ನಿಂತವರನ್ನು ಯಾರೂ ಓಡಿಸಲಿಲ್ಲ ಅಂತ ನಮ್ಮ ಹಿರಿಯರು ಹೇಳುತ್ತಾರೆ. ಜನರನ್ನು ತಿದ್ದುವ ಸರ್ಕಾರಕ್ಕಿಂತ ಪೇಸ್ಟು ಮಾರುವ ವ್ಯಾಪಾರಿಯೇ ಆಗ ನಮಗೆ ಹತ್ತಿರದವನಾದ. ಕಹಿಯಾದರೂ ನಿಜ.

ಈಗ ಮುಖ್ಯ ಮಾತಿಗೆ ಬರೋಣ. ಏಮಸ್-ಆಂಡಿಯನ್ನು ಕೇಳಿ ಕಪ್ಪು ಜನ ಏನು ಮಾಡಿದರು? ಸಿಟ್ಟಾದವರಿದ್ದರು. 1931ರಲ್ಲಿ 'ಪಿಟ್ಸ್‌ಬರ್ಗ್ ಕೊರಿಯರ್' ಅನ್ನುವ ಕಪ್ಪು ಜನರ ಪತ್ರಿಕೆ ಈ ಆಟ ನಿಲ್ಲಿಸಬೇಕು ಅಂತ ಹತ್ತು ಲಕ್ಷ ಸಹಿ ಕೂಡಿಸಲು ಹೊರಟಿತು. ಆದರೆ ಕಪ್ಪು ಜನರದೇ ಇನ್ನೊಂದು ದೊಡ್ಡ ಪತ್ರಿಕೆ 'ಶಿಕಾಗೋ ಡಿಫೆಂಡರ್' ಅದೇ ಇಬ್ಬರು ನಟರನ್ನು ತನ್ನ ಮಕ್ಕಳ ಮೇಳಕ್ಕೆ ಅತಿಥಿಗಳಾಗಿ ಕರೆಯಿತು. ಬಹಳ ಕಪ್ಪು ಮನೆಗಳಲ್ಲಿ ಜನ ಕೂತು ಕೇಳಿದರು, ನಕ್ಕರು ಕೂಡ.

ಮೇಲಿನವರು ಹಿಡಿಯುವುದು ಈ ಎಳೆಯನ್ನೇ. “ನಿಮ್ಮವರೇ ನಕ್ಕರಲ್ಲ, ನಿಮಗೇಕೆ ಸಿಟ್ಟು?” ಕಾಲೇಜಿನ ಗ್ಯಾದರಿಂಗಿನಲ್ಲಿ ಕುಡುಕ ಆಳಿನ ಪಾತ್ರಕ್ಕೆ ನಮ್ಮ ಮಾತಿನ ಧಾಟಿ ಹಚ್ಚಿದಾಗಲೂ ನಾವು ಇದೇ ವಾದ ಕೇಳಿದ್ದೇವೆ. ನಗು ಒಪ್ಪಿಗೆಯೇ? ಹಸಿದವನು ತಂಗಳು ರೊಟ್ಟಿಯನ್ನು ಗಬಗಬ ತಿಂದರೆ ತಂಗಳು ಹಬ್ಬದೂಟ ಆಗಿಬಿಡುತ್ತದೆಯೇ? ಯಾವ ಜನರ ಹೆಸರು, ಓಣಿ, ಕೂಲಿ, ಜಗಳ ಯಾವ ಪುಸ್ತಕದಲ್ಲೂ ಬರಲಿಲ್ಲವೋ ಆ ಜನಕ್ಕೆ ತಮ್ಮ ನೆರಳು ಗಾಳಿಯಲ್ಲಿ ಕಂಡರೆ ನಗು ಬರುತ್ತದೆ. ಸೊಟ್ಟಗಿದ್ದರೂ ಅದು ತಮ್ಮ ನೆರಳು. ಆ ನಗುವಿನಲ್ಲಿ ಬುದ್ಧಿಯೂ ಇರುತ್ತದೆ: 'ನಮ್ಮ ಬಗ್ಗೆ ಇವರಿಗೆ ಎಷ್ಟು ಕಡಿಮೆ ಗೊತ್ತು ನೋಡು!' ಆದ್ದರಿಂದ ನಕ್ಕ ನಮ್ಮ ಹಿರಿಯರನ್ನು ಕಟಕಟೆಗೆ ನಿಲ್ಲಿಸುವ ಕೆಲಸ ನಮಗೆ ಬೇಡ. ಆ ನಗುವನ್ನು ಸಾಕ್ಷಿ ಮಾಡಿ ತನ್ನ ಲಾಭ ಸಮರ್ಥಿಸಿಕೊಳ್ಳುವವನು ಉತ್ತರ ಕೊಡಬೇಕು.

ಇನ್ನೊಂದು ಕತೆ ಇದಕ್ಕಿಂತ ಕಠಿಣ. ಅಮೆರಿಕದ ರೇಡಿಯೋಕ್ಕೆ 'ಬ್ಯೂಲಾ' ಅನ್ನುವ ಕಪ್ಪು ಅಡುಗೆಯಾಕೆಯ ಪಾತ್ರ ಬಂತು. ಮಾತಾಡಿದ್ದು ಮಾರ್ಲಿನ್ ಹರ್ಟ್ ಅನ್ನುವ ಬಿಳಿಯ ಗಂಡಸು! ಸ್ಟುಡಿಯೋದಲ್ಲಿ ಕೂತ ಜನಕ್ಕೆ ಬೆನ್ನು ಕೊಟ್ಟು ನಿಂತು, ತಟ್ಟನೆ ತಿರುಗಿ ಆ ದನಿ ತೆಗೆಯುತ್ತಿದ್ದ; ಜನ ಹೋ ಎಂದು ನಗುತ್ತಿದ್ದರು. ಅಂದರೆ ನಗೆಯ ಮೂಲ ಮಾತಿನಲ್ಲಿರಲಿಲ್ಲ, ಕಪ್ಪು ಹೆಂಗಸಿನ ದನಿ ಬಿಳಿ ಗಂಡಸಿನ ಬಾಯಿಂದ ಬಂತಲ್ಲ, ಅದರಲ್ಲಿತ್ತು. ಹರ್ಟ್ ಸತ್ತ ಮೇಲೆ ಇನ್ನೊಬ್ಬ ಬಿಳಿ ಗಂಡಸು ಬಂದ. 1947ರ ನವೆಂಬರಿನಲ್ಲಿ ಆ ಪಾತ್ರ ಹ್ಯಾಟಿ ಮೆಕ್‌ಡೇನಿಯಲ್‌ಗೆ ಸಿಕ್ಕಿತು. ಆಸ್ಕರ್ ಪಡೆದ ಮೊದಲ ಕಪ್ಪು ಕಲಾವಿದೆ ಆಕೆ. 1940ರಲ್ಲಿ ಆ ಪ್ರಶಸ್ತಿ ಕೊಟ್ಟ ಸಮಾರಂಭದಲ್ಲೇ ಆಕೆಯನ್ನು ಬೇರೆ ಮೇಜಿಗೆ ಕೂರಿಸಿದ್ದರು. ಬೇರೆ ಪಂಕ್ತಿ ಅನ್ನೋದು ನಮ್ಮ ದೇಶದ ಸ್ವತ್ತು ಮಾತ್ರ ಅಲ್ಲ.

ಹ್ಯಾಟಿ ಬಂದ ಮೇಲೆ ಗಂಟಲು ಕಪ್ಪು ಹೆಂಗಸಿನದಾಯಿತು. ಅದೇ ಅಡುಗೆಮನೆ, ಅದೇ ಬಿಳಿ ಯಜಮಾನ. ದೊಡ್ಡ ಜಾಲದ ರೇಡಿಯೋದಲ್ಲಿ ಕಪ್ಪು ಹೆಂಗಸೊಬ್ಬಳು ಮುಖ್ಯ ಪಾತ್ರಕ್ಕೆ ಏರಿದ್ದು ಅದೇ ಮೊದಲು. ಅದು ಗೆಲುವು ಹೌದು. ಆದರೆ ದನಿ ಆಕೆಯದಾಗಿ ಮಾತು ಅವರದೇ ಉಳಿದರೆ, ಅದು ನಮ್ಮ ಹಲಗಿಯವನ ಪಾಡೇ ಅಲ್ಲವೇ? ಮೊದಲು ನಮ್ಮ ಹೆಸರಿನಲ್ಲಿ ಅವರ ಗಂಟಲು, ಆಮೇಲೆ ನಮ್ಮ ಗಂಟಲಲ್ಲಿ ಅವರ ಮಾತು. ಮೀಸಲು ಕ್ಷೇತ್ರದಿಂದ ಗೆದ್ದು ಹೋಗಿ ಪಕ್ಷದ ಚೀಟಿ ಓದುವವರನ್ನು ನಾವು ಕಂಡಿದ್ದೇವೆ. ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ.

ಮೂರನೆಯ ದಾರಿಯೂ ಆಗಲೇ ಇತ್ತು. ರಿಚರ್ಡ್ ಡರಮ್ ಅನ್ನುವ ಕಪ್ಪು ಲೇಖಕ 1948ರಿಂದ 1950ರ ತನಕ ಶಿಕಾಗೋದ ಒಂದು ಕೇಂದ್ರದಿಂದ ವಾರಕ್ಕೊಂದು ನಾಟಕ ಬರೆದ. ಗುಲಾಮರನ್ನು ಬಿಡಿಸಿ ತಂದ ಹ್ಯಾರಿಯಟ್ ಟಬ್ಮನ್, ಬಂಡೆದ್ದ ಡೆನ್ಮಾರ್ಕ್ ವೀಸಿ, ಇಂಥವರ ಕತೆಗಳು. ದನಿಯೂ ತಮ್ಮದು, ಮಾತೂ ತಮ್ಮದು. ಅದು ದೇಶದ ಜಾಲಕ್ಕೆ ಏರಲೇ ಇಲ್ಲ. ಏಮಸ್-ಆಂಡಿ ಮೂವತ್ತು ವರ್ಷ, ಡರಮ್ ಎರಡು ವರ್ಷ.

ನಮ್ಮ ನೆಲಕ್ಕೆ ಬಂದರೆ ಈ ಪ್ರಶ್ನೆ ಇನ್ನೂ ಸಿಕ್ಕಾಗುತ್ತದೆ, ಯಾಕಂದರೆ ನಮ್ಮದು ವೇಷದ ನಾಡು. ಇವತ್ತಿನ ಮೂಡಲಗಿ ತಾಲೂಕಿನ ಕುಲಗೋಡದ ತಮ್ಮಣ್ಣ ಬೆಳೆಸಿದ ಶ್ರೀಕೃಷ್ಣ ಪಾರಿಜಾತವನ್ನು ಬಿಟ್ಟು ನಮ್ಮ ಭಾಗದ ರಾತ್ರಿಗಳನ್ನು ನೆನೆಯುವುದು ಸಾಧ್ಯವಿಲ್ಲ. ಕೌಜಲಗಿಯ ನಿಂಗಮ್ಮ ತನ್ನದೇ ಪಾರಿಜಾತ ಕಂಪನಿ ಕಟ್ಟಿ ಹೆಸರಾದಳು. ಆ ಆಟದಲ್ಲಿ ಕೃಷ್ಣ ಕೊರವಂಜಿಯ ವೇಷ ಹಾಕಿ ಬರುತ್ತಾನೆ. ಬುಟ್ಟಿ ಹಿಡಿದು, ಕಣಿ ಹೇಳಿ, ಕೊರವರ ಹೆಣ್ಣಿನ ಧಾಟಿಯಲ್ಲಿ ಮಾತಾಡುತ್ತಾನೆ. ಜನ ನಗುತ್ತಾರೆ, ಕೈಯೂ ಮುಗಿಯುತ್ತಾರೆ. ವೇಷದ ಒಳಗೆ ದೇವರಿದ್ದಾನಲ್ಲ!

ಆದರೆ ನಿಜವಾದ ಕೊರವಂಜಿ ಆ ರಾತ್ರಿ ಎಲ್ಲಿದ್ದಳು? 1871ರಿಂದ ಬ್ರಿಟಿಷರು ತಂದ ಕಾಯ್ದೆ ಕುಲಕ್ಕೆ ಕುಲವನ್ನೇ ಹುಟ್ಟಾ ಕಳ್ಳರು ಅಂತ ಬರೆಯಿತು. ಮುಂಬಯಿ ಕರ್ನಾಟಕದಲ್ಲಿ ಕೊರವರು ಅದರ ಬಾಯಿಗೆ ಬಿದ್ದರು. ಪೊಲೀಸರಿಗೆ ಹಾಜರಿ ಕೊಡಬೇಕು, ಕೇಳದೆ ಊರು ಬಿಡುವಂತಿಲ್ಲ. ತಂತಿಬೇಲಿಯೊಳಗೆ ಇಟ್ಟ ಹುಬ್ಬಳ್ಳಿಯ ಓಣಿಗೆ ಇವತ್ತಿಗೂ ಸೆಟ್ಲಮೆಂಟ್ ಅಂತಲೇ ಹೆಸರು. ಆ ಕಾಯ್ದೆ ರದ್ದಾದದ್ದು 1952ರಲ್ಲಿ. ಕೃಷ್ಣನಿಗೆ ಕೊರವಂಜಿಯಾಗಿ ಸತ್ಯಭಾಮೆಯ ಅರಮನೆಯ ಒಳಗೆ ಹೋಗುವ ಸ್ವಾತಂತ್ರ್ಯ; ಕೊರವಂಜಿಗೆ ಕೊರವಂಜಿಯಾಗಿ ಪಕ್ಕದ ಊರಿಗೆ ಹೋಗುವ ಸ್ವಾತಂತ್ರ್ಯ ಇಲ್ಲ.

ಹಾಗಾದರೆ ಬೇರೆಯವರ ಪಾತ್ರ ಯಾರೂ ಮಾಡಬಾರದೋ, ಕವಿ ತನ್ನ ಜಾತಿಯ ಬಗ್ಗೆ ಮಾತ್ರ ಬರೆಯಬೇಕೋ ಅಂತ ಗೆಳೆಯರು ಕೇಳಬಹುದು. ಹಾಗೆ ಹೇಳಿದರೆ ಕಲೆಯ ಬಾಗಿಲೇ ಮುಚ್ಚುತ್ತದೆ. ವೇಷದ ಗುಣವೇ ಮನುಷ್ಯ ತನ್ನ ಚರ್ಮದಿಂದ ಹೊರಬರುವುದು. ಕೂಲಿಯವನು ಕೃಷ್ಣನಾಗುತ್ತಾನೆ, ಹೆಣ್ಣು ಗಂಡಾಗುತ್ತಾಳೆ. ಆದರೆ ಬೆಲೆ ಒಂದೇ ಅಲ್ಲ. ಮೇಲಿನವನು ಕೆಳಗಿನವನ ವೇಷ ಹಾಕಿದರೆ ಬೆಳಿಗ್ಗೆ ಬಣ್ಣ ತೊಳೆದು ಹೆಸರು, ಹಣ ಎರಡನ್ನೂ ಒಯ್ಯುತ್ತಾನೆ. ಕೆಳಗಿನವನು ಕೃಷ್ಣನಾದರೆ ಬೆಳಿಗ್ಗೆ ಅದೇ ಕೇರಿ, ಅದೇ ಕೂಲಿ. ಆದ್ದರಿಂದ ವೇಷ ಯಾರು ಹಾಕಿದರು ಅನ್ನುವುದಕ್ಕಿಂತ, ಯಾರ ವೇಷ ಹಾಕಿದರೋ ಆ ಮನುಷ್ಯನಿಗೆ ಒಳಗೆ ಬರುವ ಬಾಗಿಲು ತೆರೆದಿತ್ತೇ ಅನ್ನುವುದನ್ನು ನಾವು ಕೇಳುತ್ತೇವೆ.

ಆಕಾಶವಾಣಿಯ ಬಾಗಿಲನ್ನೇ ನೋಡಿ. 1946ರಲ್ಲಿ ಪ್ರಸಾರ ಖಾತೆ ಸರ್ದಾರ್ ಪಟೇಲರ ಕೈಯಲ್ಲಿದ್ದಾಗ, ಖಾಸಗಿ ಬದುಕು ಲೋಕದ ಬಾಯಿಗೆ ಬಿದ್ದವರನ್ನು ರೇಡಿಯೋದಲ್ಲಿ ಹಾಡಿಸಬಾರದು ಅಂತ ಆಜ್ಞೆ ಬಂತು. ಬಾಣ ಯಾರಿಗೆ ಹೂಡಿದ್ದು ಅನ್ನೋದು ಎಲ್ಲರಿಗೂ ಗೊತ್ತಿತ್ತು: ತವಾಯಫರು, ದೇವದಾಸಿ ಮನೆತನದ ಹೆಣ್ಣುಮಕ್ಕಳು. ಈ ದೇಶದ ಸಂಗೀತವನ್ನು ತಲೆಮಾರುಗಟ್ಟಲೆ ಗಂಟಲಲ್ಲಿ ಕಾಪಾಡಿದವರು ಅವರು. ಸವದತ್ತಿ ಎಲ್ಲಮ್ಮನ ಹೆಸರಿನಲ್ಲಿ ಯಾರ ಮನೆಯ ಹೆಣ್ಣುಮಕ್ಕಳ ಕೊರಳಿಗೆ ಮುತ್ತು ಕಟ್ಟಿದರೋ ಅವರ ಮನೆಯ ಮಕ್ಕಳು ಈ ಲೇಖನ ಓದುತ್ತಿರಬಹುದು; ಅವರಿಗೆ ಕೇಳೋಣ: ಮುತ್ತು ಕಟ್ಟಿಸಿದವರ ಖಾಸಗಿ ಬದುಕನ್ನು ಯಾವ ಆಡಿಷನ್ನಿನಲ್ಲಿ ಪರೀಕ್ಷೆ ಮಾಡಿದರು? ಹಾಡು ಬೇಕು, ಹಾಡುವ ಕುಲ ಬೇಡ. 1924ರಲ್ಲಿ ಬೆಳಗಾವಿಯ ಕಾಂಗ್ರೆಸ್ಸಿನಲ್ಲಿ ಗಾಂಧೀಜಿ ಎದುರು ಹಾಡಿದ ಪುಟ್ಟ ಗಂಗೂಬಾಯಿ ಹಾನಗಲ್, ಊಟದ ಹೊತ್ತಿಗೆ ತನ್ನನ್ನು ಎಲ್ಲಿ ಕೂರಿಸುತ್ತಾರೋ, ಎಂಜಲು ತೆಗೆಯಲು ಹೇಳುತ್ತಾರೋ ಅಂತ ಹೆದರಿದ್ದನ್ನು ಮುಂದೆ ನೆನೆದಿದ್ದಾರೆ. ದೊಡ್ಡ ಕಲಾವಿದೆಯ ಗತಿ ಹೀಗಿದ್ದರೆ ಚೌಡಿಕೆ ಹಿಡಿದ ಜೋಗತಿಯ ಗತಿ ಏನು?

ಮನುಷ್ಯರಷ್ಟೇ ಅಲ್ಲ, ವಾದ್ಯಕ್ಕೂ ಮೈಲಿಗೆ. 1940ರಿಂದ 1971ರ ತನಕ ಆಕಾಶವಾಣಿಯಲ್ಲಿ ಹಾರ್ಮೋನಿಯಂ ನಿಷೇಧ. ಶ್ರುತಿ ಸೂಕ್ಷ್ಮ ಅದರಲ್ಲಿ ಬರುವುದಿಲ್ಲ, ಪರದೇಶಿ ವಾದ್ಯ ಅನ್ನುವ ಕಾರಣ. ನಮ್ಮ ಕಡೆ ಅದಕ್ಕೆ ಪೇಟಿ ಅನ್ನುತ್ತಾರೆ; ಪೇಟಿ ಇಲ್ಲದೆ ಪಾರಿಜಾತವಿಲ್ಲ, ಸಣ್ಣಾಟವಿಲ್ಲ, ಊರ ಭಜನೆಯೂ ಇಲ್ಲ. ಧಾರವಾಡದ ಕೇಂದ್ರದ ಮೊದಲ ಇಪ್ಪತ್ತೊಂದು ವರ್ಷ ಹೀಗೇ ಕಳೆಯಿತು. ಜಾನಪದ ಅಂತ ಕರೆದರು, ಆದರೆ ಜನಪದರು ದಿನಾ ಬಾರಿಸುವ ಪೆಟ್ಟಿಗೆಯನ್ನು ಹೊರಗೆ ಇಟ್ಟು ಬಾ ಅಂದರು. ಚಪ್ಪಲಿ ಹೊರಗೆ ಬಿಟ್ಟು ಬಾ ಅಂದ ಹಾಗೆ.

1995ರಲ್ಲಿ ಸುಪ್ರೀಂ ಕೋರ್ಟು ಗಾಳಿಯ ಅಲೆಗಳು ಸಾರ್ವಜನಿಕರ ಸ್ವತ್ತು ಅಂತ ತೀರ್ಪು ಕೊಟ್ಟಿತು. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ಹಳ್ಳಿಯ ಹೆಣ್ಣುಮಕ್ಕಳು ಸರ್ಕಾರದ ಪರವಾನಿಗೆಗೆ ಕಾಯದೆ ತಂತಿಯ ಮೂಲಕವೇ 'ನಮ್ಮ ಧ್ವನಿ'ಯನ್ನು ಮನೆಮನೆಗೆ ಮುಟ್ಟಿಸಿದರು. 2006ರಲ್ಲಿ ಸಂಘಸಂಸ್ಥೆಗಳಿಗೂ ಸಮುದಾಯ ರೇಡಿಯೋ ನಡೆಸಲು ಅನುಮತಿ ಸಿಕ್ಕಿತು. ಆದರೆ ಒಂದು ಷರತ್ತು ಹಾಗೇ ಇದೆ: ಸಮುದಾಯ ರೇಡಿಯೋ ತನ್ನದೇ ಸುದ್ದಿ ಪ್ರಸಾರ ಮಾಡುವಂತಿಲ್ಲ. ಹಾಡಬಹುದು, ಕುಣಿಯಬಹುದು, ಬೆಳೆಗೆ ಎಣ್ಣೆ ಹೊಡೆಯುವುದು ಹೇಗೆ ಅಂತ ಹೇಳಬಹುದು. ಬಾವಿಯ ಹತ್ತಿರ ನಿನ್ನೆ ಏನಾಯಿತು ಅನ್ನೋದನ್ನ ಹೇಳುವಂತಿಲ್ಲ.

ಈ ಭಾಗದ ಶಾಲಾ ಮಾಸ್ತರರು, ಕಾಲೇಜಿನ ಗೆಳೆಯರು ಒಂದು ಕೆಲಸ ಮಾಡಬೇಕು. ಪಾರಿಜಾತದಲ್ಲಿ ಹಾಡಿದವರು, ಚೌಡಿಕೆಯವರು, ಡಂಗುರ ಸಾರಿದವರು ಇನ್ನೂ ಕೆಲವರು ಇದ್ದಾರೆ. ಈಗ ಎಲ್ಲರ ಕಿಸೆಯಲ್ಲೂ ದನಿ ಹಿಡಿಯುವ ಮೊಬೈಲು ಇದೆ. ಹಾಡು ಹಿಡಿದರೆ ಸಾಲದು, ಹಾಡಿನ ನಡುವೆ ಅವರು ಆಡುವ ಮಾತನ್ನೂ ಹಿಡಿಯಿರಿ; ಸಂಗ್ರಹಕಾರರು ಕತ್ತರಿಸಿ ಎಸೆಯುವುದು ಅದನ್ನೇ. 'ಹಾಡಿದವರು: ಗ್ರಾಮಸ್ಥರು' ಅಂತ ಬರೆಯಬೇಡಿ. ಹೆಸರು, ಊರು, ಓಣಿ, ಮೇಳದ ಹೆಸರು, ಪೇಟಿ ಬಾರಿಸಿದವರು ಯಾರು, ಕಲಿಸಿದವರು ಯಾರು, ರಾತ್ರಿಗೆ ಎಷ್ಟು ಕೊಟ್ಟರು, ಎಲ್ಲಿ ಕೂರಿಸಿ ಊಟ ಹಾಕಿದರು, ಎಲ್ಲವನ್ನೂ ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳಿ.